ದೇಹದೊಳಗೇ ಎತ್ತರವಾಗುವ ಬೆನ್ನುಮೂಳೆ ಕೇಜ್‌ಗಳು: ಎಲ್ಲಿ ಬೇಕು, ಎಲ್ಲಿ ಬೇಡ

ಸೊಂಟದ ಭಾಗದಲ್ಲಿ ಒಂದು ಕಶೇರುಮಣಿಯನ್ನೂ ಅದರ ಮೇಲೆ ಕೆಳಗಿನ ಎರಡು ಡಿಸ್ಕುಗಳನ್ನೂ ತೆಗೆದರೆ ಸುಮಾರು 40ರಿಂದ 50 ಮಿ.ಮೀ. ಖಾಲಿ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಕೂತು ಮೇಲಿನ ಕೆಳಗಿನ ಮಣಿಗಳಿಗೆ ಆಧಾರ ಕೊಡುವ ಸಾಧನವೇ ಕೇಜ್. ಈ ‘ಸುಮಾರು’ ಎಂಬ ಮಾತಿನಲ್ಲೇ ಕಷ್ಟವೆಲ್ಲ ಇದೆ. ಮುರಿದು ಕುಸಿದ ಮಣಿಯಾಗಿದ್ದರೆ ಅಂತರ ಕಡಿಮೆ, ಗಡ್ಡೆ ತಿಂದ ಮಣಿಯಾಗಿದ್ದರೆ ಅಂಚು ಏರುಪೇರು, ರೋಗಿಯನ್ನು ಮೇಜಿನ ಮೇಲೆ ಮಗ್ಗುಲು ಬದಲಿಸಿದರೆ ಅಳತೆಯೂ ಬದಲು. 1986ರಲ್ಲಿ ಯೂರ್ಗನ್ ಹಾರ್ಮ್ಸ್ ತಂದ ಟೈಟಾನಿಯಂ ಜಾಲರಿ ಕೊಳವೆಯನ್ನು ಇಂಥ ಜಾಗಕ್ಕೆ ಕತ್ತರಿಸಿ ಕೂರಿಸುವುದು ಬಹುಕಾಲ ನಡೆದುಬಂದ ಪದ್ಧತಿ. 2 ಮಿ.ಮೀ. ಉದ್ದವಾದರೆ ಸುತ್ತಿಗೆಯಿಂದ ಬಡಿದು ತೂರಿಸಬೇಕು, 2 ಮಿ.ಮೀ. ಗಿಡ್ಡವಾದರೆ ಸಡಿಲ. ಕತ್ತರಿಸಿದ ಅಂಚು ಗರಗಸದಂತೆ ಚೂಪಾಗಿ ಮೂಳೆಯನ್ನು ಕೊರೆಯುತ್ತದೆ.

ಹಿಗ್ಗುವ ಕೇಜ್ ಹುಟ್ಟಿದ್ದು ಈ ಅಳತೆಯ ತೊಂದರೆಗೆ ಉತ್ತರವಾಗಿ. ಮಡಿಸಿದ ಸ್ಥಿತಿಯಲ್ಲಿ ಒಳಗಿಟ್ಟು, ಜಾಗದಲ್ಲೇ ಎತ್ತರ ಏರಿಸಿ, ಬೀಗ ಹಾಕುವುದು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇಡೀ ಮಣಿಯನ್ನು ಬದಲಿಸುವ ಕೆಲಸಕ್ಕೆ ಇವು ನಿಜಕ್ಕೂ ದೊಡ್ಡ ಉಪಕಾರ. ಡಿಸ್ಕ್ ಜಾಗಕ್ಕೆ ಹಾಕುವ ಹಿಗ್ಗುವ ಕೇಜ್ ಕೆಲವರಿಗೆ ಮಾತ್ರ ಸರಿ. ಎರಡರಲ್ಲೂ ಫಲಿತಾಂಶವನ್ನು ನಿರ್ಧರಿಸುವುದು ಒಳಗಿನ ಯಂತ್ರವಲ್ಲ, ಕೇಜ್ ಒರಗುವ ಎಂಡ್‌ಪ್ಲೇಟ್, ಅಂದರೆ ಮಣಿಯ ಮೇಲ್ಮೈಯಲ್ಲಿರುವ ಅರ್ಧದಿಂದ ಒಂದು ಮಿ.ಮೀ. ದಪ್ಪದ ಮೂಳೆಯ ಪದರ.

ಮಣಿ ಬದಲಿಸುವ ಕೇಜ್‌ಗಳಲ್ಲಿ ಯಾಂತ್ರಿಕವಾಗಿ ಮೂರು ಬಗೆ. ಒಂದು ಹಲ್ಲುಪಟ್ಟಿ: ಇಕ್ಕಳದಂಥ ಸಾಧನದಿಂದ ಎರಡು ತುದಿಗಳನ್ನು ದೂರ ಸರಿಸಿದಾಗ ಒಳಕೊಳವೆ ಹಲ್ಲಿನಿಂದ ಹಲ್ಲಿಗೆ ಏರುತ್ತದೆ. ಸಿಂಥೆಸ್‌ನ ಸಿನೆಕ್ಸ್ ಈ ಬಗೆಯ ಹಳೆಯ, ಹೆಸರಾದ ಮಾದರಿ. ಎರಡನೆಯದು ತಿರುಪು: ಪಕ್ಕದಿಂದ ಡ್ರೈವರ್ ಹಾಕಿ ತಿರುಗಿಸಿದಷ್ಟೂ ಎತ್ತರ ನಯವಾಗಿ ಏರುತ್ತದೆ. ಉಲ್ರಿಕ್‌ನ ಒಬೆಲಿಸ್ಕ್ ಹೀಗೆ ಮೆಟ್ಟಿಲಿಲ್ಲದೆ ಏರುವಂಥದ್ದು. ಮೂರನೆಯದು ದ್ರವದ ಒತ್ತಡ, ಏಸ್ಕುಲಾಪ್‌ನ ಹೈಡ್ರೋಲಿಫ್ಟ್ ಇದಕ್ಕೆ ಉದಾಹರಣೆ. ಹಲ್ಲುಪಟ್ಟಿಯಲ್ಲಿ ಒಂದು ಹಲ್ಲಿಗೆ ಸಡಿಲ, ಮುಂದಿನ ಹಲ್ಲಿಗೆ ಬಿಗಿ ಎನ್ನುವ ಇಕ್ಕಟ್ಟು ಬರುತ್ತದೆ. ಗಟ್ಟಿ ಮೂಳೆಯಲ್ಲಿ ಅದು ನಡೆಯುತ್ತದೆ, ಮೆತ್ತಗಿನ ಮೂಳೆಯಲ್ಲಿ ಆ ಒಂದು ಹಲ್ಲೇ ಎಂಡ್‌ಪ್ಲೇಟನ್ನು ಮುರಿಯಬಹುದು. ತಿರುಪಿನದು ಆ ವಿಷಯದಲ್ಲಿ ಮೃದು. ಆದರೆ ತಿರುಪಿಗೆ ಬೇರೆಯೇ ಅಪಾಯವಿದೆ, ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ಒಂದು ಸುತ್ತಿಗೆ 1 ಮಿ.ಮೀ. ಏರುವ ತಿರುಪು ಎಂದಿಟ್ಟುಕೊಳ್ಳಿ. ಕೈಯಲ್ಲಿ 1 ನ್ಯೂಟನ್-ಮೀಟರ್ ತಿರುಚುಬಲ ಹಾಕಿದರೆ, ಅಂದರೆ ಬಾಟಲಿಯ ಮುಚ್ಚಳ ಬಿಗಿ ಮಾಡುವಷ್ಟು, ಘರ್ಷಣೆ ಇಲ್ಲದಿದ್ದರೆ ಹುಟ್ಟುವ ಎತ್ತುವ ಬಲ ಸುಮಾರು 6,280 ನ್ಯೂಟನ್. ಘರ್ಷಣೆಯಲ್ಲಿ 80% ಹೋಯಿತು ಎಂದರೂ 1,250 ನ್ಯೂಟನ್ ಉಳಿಯುತ್ತದೆ. ಅದು ಸುಮಾರು 125 ಕಿಲೋ ಭಾರಕ್ಕೆ ಸಮ. ಬೆರಳಿಗೆ ಹಗುರವೆನಿಸುವ ತಿರುವು ಒಳಗೆ ಒಬ್ಬ ದಪ್ಪ ಮನುಷ್ಯನನ್ನು ಎತ್ತುವಷ್ಟು ಬಲವಾಗಿರುತ್ತದೆ. ಮೂಳೆಸವಕಳಿ ಇರುವವರ ಎಂಡ್‌ಪ್ಲೇಟ್ ಮುರಿಯಲು ಇಷ್ಟು ಸಾಕು. ‘ಕೈಗೆ ಬಿಗಿ ಸಿಗುವವರೆಗೆ ತಿರುಗಿಸಿ’ ಎಂಬ ಸೂಚನೆ ಅದಕ್ಕೇ ಅರ್ಧ ಸತ್ಯ. ಕೈಗೆ ಬಿಗಿ ಸಿಕ್ಕಿದ್ದು ಎಂಡ್‌ಪ್ಲೇಟ್ ತಡೆದು ನಿಂತಿದ್ದಕ್ಕೋ, ಅದು ಒಳಗೆ ಕುಸಿಯುತ್ತಾ ಮೂಳೆ ಒತ್ತಿಕೊಳ್ಳುತ್ತಿರುವುದಕ್ಕೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಸಿ-ಆರ್ಮ್ (ಶಸ್ತ್ರಚಿಕಿತ್ಸೆಯ ನಡುವೆಯೇ ಎಕ್ಸ್-ರೇ ತೋರಿಸುವ ಯಂತ್ರ) ಪರದೆಯ ಮೇಲೆ ಕಣ್ಣಿಟ್ಟು, ಅರ್ಧ ಅರ್ಧ ಸುತ್ತಿಗೊಮ್ಮೆ ಚಿತ್ರ ತೆಗೆಯಬೇಕು. ಕೇಜ್ ಉದ್ದವಾಗುತ್ತಿದ್ದರೂ ಮೇಲಿನ ಮತ್ತು ಕೆಳಗಿನ ಮಣಿಗಳ ನಡುವಿನ ಅಂತರ ಹೆಚ್ಚುತ್ತಿಲ್ಲವಾದರೆ ಅದು ಮೂಳೆಯೊಳಗೆ ಹೂಳುತ್ತಿದೆ ಎಂದೇ ಅರ್ಥ. ಆ ಕ್ಷಣವೇ ನಿಲ್ಲಿಸಬೇಕು.

ಹೂಳುವಿಕೆಗೆ ಇನ್ನೊಂದು ಕಾರಣ, ಕೇಜ್‌ನ ಮೇಲೆ ಕೆಳಗೆ ಎಂಡ್‌ಪ್ಲೇಟಿಗೆ ಒರಗುವ ತುದಿಯ ತಟ್ಟೆಯ ವಿಸ್ತಾರ. 14 ಮಿ.ಮೀ. ವ್ಯಾಸದ ದುಂಡು ತುದಿಯ ವಿಸ್ತೀರ್ಣ ಸುಮಾರು 154 ಚದರ ಮಿ.ಮೀ. ಅದರ ಮೇಲೆ 800 ನ್ಯೂಟನ್ ಭಾರ ಬಿದ್ದರೆ ಒತ್ತಡ 5 ಮೆಗಾಪಾಸ್ಕಲ್ ದಾಟುತ್ತದೆ. ಅದೇ ಭಾರ 22 ಮಿ.ಮೀ. ಅಗಲ, 45 ಮಿ.ಮೀ. ಉದ್ದದ ಆಯತಾಕಾರದ ತುದಿಯ ಮೇಲೆ ಹರಡಿದರೆ 1 ಮೆಗಾಪಾಸ್ಕಲ್‌ಗೂ ಕಡಿಮೆ. ಮಧ್ಯದ ರಂಧ್ರವನ್ನು ಕಳೆದು ಲೆಕ್ಕ ಹಾಕಿದರೂ ವ್ಯತ್ಯಾಸ ಹಲವು ಪಟ್ಟು. ಇದರ ಜೊತೆಗೆ, ಎಂಡ್‌ಪ್ಲೇಟಿನ ನಡುಭಾಗವೇ ಅತಿ ದುರ್ಬಲ. ಅಂಚಿನ ಉಂಗುರ, ಅದರಲ್ಲೂ ಹಿಂಬದಿಯ ಎರಡು ಮೂಲೆ ಗಟ್ಟಿ. ಚಿಕ್ಕ ದುಂಡು ತುದಿ ಸರಿಯಾಗಿ ದುರ್ಬಲ ಜಾಗದ ಮೇಲೆ ಕೂರುತ್ತದೆ, ಪಕ್ಕದಿಂದ ಪಕ್ಕಕ್ಕೆ ಅಂಚು ಮುಟ್ಟುವ ಆಯತ ಗಟ್ಟಿ ಜಾಗದ ಮೇಲೆ. ಪಕ್ಕೆಯ ದಾರಿಯಿಂದ ಹಾಕುವ ನುವೇಸಿವ್‌ನ ಎಕ್ಸ್-ಕೋರ್‌ನಂಥ ಮಾದರಿಗಳು ಈ ಅಗಲ ತುದಿಯ ಯೋಚನೆಯ ಮೇಲೆಯೇ ನಿಂತಿವೆ. ಮಣಿ ಬದಲಿಸುವ ಕೇಜ್ ಆರಿಸುವಾಗ ಹಿಗ್ಗುವ ಯಂತ್ರಕ್ಕಿಂತ ಮೊದಲು ತುದಿಗಳ ಪೆಟ್ಟಿಗೆಯನ್ನು ತೆರೆಸಿ ನೋಡುವುದೇ ಸರಿ: ಎಷ್ಟು ಗಾತ್ರ ಇವೆ, ಕೋನ ಎಷ್ಟೆಷ್ಟು, ಮೇಲಿನ ಮತ್ತು ಕೆಳಗಿನ ತುದಿಗೆ ಬೇರೆ ಬೇರೆ ಕೋನ ಜೋಡಿಸಲು ಆಗುತ್ತದೆಯೇ. ತುದಿಯ ಕೋನ ಎಂಡ್‌ಪ್ಲೇಟಿನ ಕೋನಕ್ಕೆ ಹೊಂದದಿದ್ದರೆ ಭಾರವೆಲ್ಲ ಒಂದು ಅಂಚಿನ ಮೇಲೆ ಬಿದ್ದು ಮೇಲಿನ ಲೆಕ್ಕವೇ ತಲೆಕೆಳಗಾಗುತ್ತದೆ.

ಕೂರಿಸುವ ಕ್ರಮದಲ್ಲಿ ತಪ್ಪಬಾರದ ಕೆಲವು ಹಂತಗಳಿವೆ. ಹಿಂಬದಿಯಿಂದ ಮಾಡುವಾಗ ಮಣಿ ತೆಗೆಯುವ ಮೊದಲೇ ಮೇಲೆ ಕೆಳಗೆ ಪೆಡಿಕಲ್ ಸ್ಕ್ರೂ, ಅಂದರೆ ಮಣಿಯ ಹಿಂಬದಿಯ ಮೂಳೆಕಂಬದ (ಪೆಡಿಕಲ್) ಮೂಲಕ ಹೋಗುವ ತಿರುಪು, ಹಾಕಿ ಒಂದು ಬದಿಗೆ ತಾತ್ಕಾಲಿಕ ರಾಡ್ ಬಿಗಿದಿಡಬೇಕು, ಇಲ್ಲವಾದರೆ ಆಧಾರವಿಲ್ಲದ ಬೆನ್ನು ಜಾರಿ ಬೆನ್ನುಹುರಿಗೆ ಪೆಟ್ಟಾಗುತ್ತದೆ. ಎರಡೂ ಡಿಸ್ಕುಗಳ ಮೃದ್ವಸ್ಥಿಯನ್ನು ಪೂರ್ತಿ ಕೆರೆದು ತೆಗೆಯಬೇಕು, ಆದರೆ ಅದರಡಿಯ ಮೂಳೆಯ ಪದರವನ್ನು ಕೆಡಿಸಬಾರದು. ಕ್ಯುರೆಟ್‌ನಲ್ಲಿ ಕೆರೆಯುವಾಗ ಮೃದ್ವಸ್ಥಿ ಬೆಣ್ಣೆಯಂತೆ ಬರುತ್ತದೆ, ಮೂಳೆ ಸಿಕ್ಕಾಗ ಗರಗರ ಸದ್ದಿನೊಂದಿಗೆ ಸಣ್ಣ ರಕ್ತದ ಚುಕ್ಕೆಗಳು ಕಾಣುತ್ತವೆ. ಅಲ್ಲಿಗೆ ಕೈ ನಿಲ್ಲಬೇಕು. ಪವರ್ ಡ್ರಿಲ್ ಹಿಡಿದು ‘ಸಮತಟ್ಟು’ ಮಾಡಹೊರಟವರು ಆಮೇಲೆ ಕೇಜ್ ಹೂತಿತೆಂದು ಕೇಜನ್ನು ದೂರುವುದು ಅನ್ಯಾಯ.

ಅಂತರವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಮಡಿಸಿದಾಗ ಅದಕ್ಕಿಂತ 3–4 ಮಿ.ಮೀ. ಗಿಡ್ಡವಿರುವ ಕೇಜ್ ಆರಿಸುವುದು ಒಳ್ಳೆಯದು. ತೀರ ಗಿಡ್ಡದು ಬೇಡ: ಹಿಗ್ಗುವ ಮಿತಿಯ ಕೊನೆಗೆ ಬಂದ ಕೇಜ್‌ನಲ್ಲಿ ಒಳಕೊಳವೆ ಹೊರಕೊಳವೆಯನ್ನು ಹಿಡಿದಿರುವ ಉದ್ದ ಕಡಿಮೆಯಾಗಿ, ಪಕ್ಕದಿಂದ ಬರುವ ಬಾಗುವ ಬಲಕ್ಕೆ ಅದು ದುರ್ಬಲವಾಗುತ್ತದೆ. ಹಿಗ್ಗುವ ವ್ಯಾಪ್ತಿಯ ನಡುಮಧ್ಯೆ ಬೀಗ ಬೀಳುವಂತೆ ಗಾತ್ರ ಆರಿಸಬೇಕು. ಒಳಗಿಟ್ಟ ಮೇಲೆ ನೇರ ಮತ್ತು ಪಕ್ಕದ ಎರಡೂ ಚಿತ್ರಗಳಲ್ಲಿ ನಡುರೇಖೆ ನೋಡಿ, ಆಮೇಲೆ ಹಿಗ್ಗಿಸಬೇಕು. ಓರೆಯಾಗಿ ಹಿಗ್ಗಿಸಿದ್ದನ್ನು ಸರಿಮಾಡುವ ದಾರಿ ಒಂದೇ, ಪೂರ್ತಿ ಇಳಿಸಿ ಮೊದಲಿನಿಂದ ಶುರು ಮಾಡುವುದು.

ಗೂನನ್ನು ಕೇಜ್ ಹಿಗ್ಗಿಸಿ ನೆಟ್ಟಗೆ ಮಾಡುವ ಆಸೆ ಬಹಳ ಜನಕ್ಕಿದೆ. ಅದು ಕೇಜ್‌ನ ಕೆಲಸವಲ್ಲ. ಗೂನನ್ನು ಮೇಜಿನ ಮೇಲಿನ ಭಂಗಿಯಿಂದ, ರಾಡ್‌ನಿಂದ ಸರಿಪಡಿಸಿ, ಉಳಿದ ಜಾಗವನ್ನು ಕೇಜ್‌ನಿಂದ ತುಂಬಬೇಕು. ಕೊನೆಗೆ ಹಿಂದಿನ ಸ್ಕ್ರೂಗಳನ್ನು ಒಂದರ ಕಡೆಗೊಂದು ಸ್ವಲ್ಪ ಒತ್ತಿದರೆ ಕೇಜ್ ಎರಡು ಮಣಿಗಳ ನಡುವೆ ಕಚ್ಚಿಕೊಂಡು ಕೂರುತ್ತದೆ. ಕೇಜ್ ಒಂದನ್ನೇ ನಂಬಿ, ಹಿಂದೆ ಅಥವಾ ಪಕ್ಕಕ್ಕೆ ಸ್ಕ್ರೂ ಮತ್ತು ರಾಡ್ ಇಲ್ಲವೇ ಪ್ಲೇಟ್ ಹಾಕದೆ ಬಿಡುವಂತಿಲ್ಲ. ಈ ಕೇಜ್‌ಗಳನ್ನು ತಯಾರಿಸಿರುವುದೇ ಅಂಥ ಜೊತೆ ಆಧಾರವಿರುತ್ತದೆಂಬ ಲೆಕ್ಕದಲ್ಲಿ.

ಹಿಗ್ಗಿಸುವಾಗ ಬೆನ್ನುಹುರಿಯೂ ಉದ್ದಕ್ಕೆ ಎಳೆಯಲ್ಪಡುತ್ತದೆ ಎಂಬುದನ್ನು ಮರೆಯಬಾರದು. ನರಗಳ ಸಂಕೇತವನ್ನು ನೋಡಿಕೊಳ್ಳುವ ಯಂತ್ರದಲ್ಲಿ ಅಲೆ ತಗ್ಗಿದರೆ ಮೊದಲು ಒಂದೆರಡು ಮಿ.ಮೀ. ಇಳಿಸಿ, ರಕ್ತದೊತ್ತಡ ಏರಿಸಿ, ಕಾಯಬೇಕು. ಇಳಿಸಲು ಆಗುವ ಕೇಜ್‌ನ ಬೆಲೆ ಆ ನಿಮಿಷದಲ್ಲಿ ಗೊತ್ತಾಗುತ್ತದೆ. ಕೆಲವು ಹಲ್ಲುಪಟ್ಟಿ ಮಾದರಿಗಳನ್ನು ಇಳಿಸಲು ಪ್ರತ್ಯೇಕ ಸಾಧನ ಬೇಕು. ಅದು ಟ್ರೇಯಲ್ಲಿ ಇದೆಯೇ ಎಂದು ಶಸ್ತ್ರಚಿಕಿತ್ಸೆ ಶುರುವಾಗುವ ಮೊದಲೇ ನೋಡಿಡಬೇಕು.

ಎದೆಯ ಭಾಗದಲ್ಲಿ ಹಿಂಬದಿಯ ದಾರಿಯಿಂದ ಹೋಗುವಾಗ ಹಿಗ್ಗುವ ಕೇಜ್‌ಗೆ ನಿಜವಾದ ಸಾಟಿ ಇಲ್ಲ. ಒಂದು ಬದಿಯ ಪಕ್ಕೆಲುಬಿನ ಬುಡ ತೆಗೆದು, ಬೇಕಾದರೆ ಅಲ್ಲಿನ ಒಂದು ನರವನ್ನು ಕಟ್ಟಿ ಕತ್ತರಿಸಿ, ಆ ಕಿರಿದಾದ ಸಂದಿಯಲ್ಲಿ ಮಡಿಸಿದ ಕೇಜನ್ನು ತೂರಿಸಿ ಮುಂದೆ ನಿಲ್ಲಿಸಿ ಹಿಗ್ಗಿಸಬಹುದು. ಎದೆಯನ್ನು ಮುಂದಿನಿಂದ ತೆರೆಯುವ ಗೋಜೇ ಇಲ್ಲ. ಎದೆಯ ಮೊದಲ ನರ ಕೈಗೆ ಸೇರಿದ್ದು, ಅದನ್ನು ಕತ್ತರಿಸುವಂತಿಲ್ಲ. ಸೊಂಟದ ನರಗಳೂ ಕಾಲಿಗೆ ಬೇಕು, ಅಲ್ಲಿ ನರಗಳ ನಡುವೆಯೇ ದಾರಿ ಹುಡುಕಬೇಕು. ಆ ಸಂದಿಯಲ್ಲಿ ಅಗಲ ತುದಿ ಹೋಗುವುದಿಲ್ಲ, ಚಿಕ್ಕ ತುದಿಯೇ ಗತಿ, ಆದ್ದರಿಂದ ಹೂಳುವ ಅಪಾಯ ಹೆಚ್ಚು. ಬಲವಾದ ಮೂಳೆ ಇದ್ದರೆ ಈ ರಾಜಿ ಒಪ್ಪಬಹುದು. ಮೆತ್ತಗಿನ ಮೂಳೆಯಾದರೆ ಪಕ್ಕೆಯ ದಾರಿಯೇ ಕ್ಷೇಮ.

ಯಾವ ಕೈಪಿಡಿಯೂ ಸಾಕಷ್ಟು ಒತ್ತಿ ಹೇಳದ ಒಂದು ಸಂಗತಿ ಮೂಳೆಚೂರು ತುಂಬುವುದು. ಮೇಲಿನ ಮತ್ತು ಕೆಳಗಿನ ಮಣಿಗಳು ಬೆಸೆದು ಒಂದಾಗಲು ಈ ಚೂರು ಬೇಕು. ಕೇಜನ್ನು ಮಡಿಸಿದಾಗ ತುಂಬಿ ಒಳಗಿಟ್ಟರೆ, ಹಿಗ್ಗಿದಷ್ಟೂ ಒಳಗೆ ಖಾಲಿ ಬೀಳುತ್ತದೆ. ಒಳವ್ಯಾಸ 12 ಮಿ.ಮೀ. ಇರುವ ಕೊಳವೆ 12 ಮಿ.ಮೀ. ಏರಿದರೆ ಸುಮಾರು 1.4 ಮಿ.ಲೀ. ಖಾಲಿ ಜಾಗ. ಕೇಜ್‌ನೊಳಗಿನ ಮೂಳೆ ಮೇಲಿನ ಎಂಡ್‌ಪ್ಲೇಟನ್ನು ಮುಟ್ಟುವುದೇ ಇಲ್ಲ, ಮುಟ್ಟದ ಮೂಳೆ ಬೆಸೆಯುವುದಿಲ್ಲ. ಹಿಗ್ಗಿಸಿದ ಮೇಲೆ ಕಿಟಕಿಯಿಂದ ಮತ್ತೆ ತುಂಬಲು ಆಗಬೇಕು, ಅದಕ್ಕೆ ಕಿಟಕಿ ದೊಡ್ಡದಿರಬೇಕು. ಇದಕ್ಕಿಂತ ಮುಖ್ಯವಾದದ್ದು ಕೇಜ್‌ನ ಹೊರಗೆ, ಮುಂದೆ ಮತ್ತು ಪಕ್ಕಗಳಲ್ಲಿ, ಎರಡೂ ಮಣಿಗಳಿಗೆ ತಗಲುವಂತೆ ಮೂಳೆಚೂರು ಹಾಕುವುದು. ಮಣಿ ಬದಲಿಸಿದ ಕಡೆ ಬೆಸುಗೆ ಬಹುಪಾಲು ಹೊರಗಿನ ಮೂಳೆಯಿಂದಲೇ ಆಗುತ್ತದೆ.

ಟೈಟಾನಿಯಂ ಮತ್ತು ಪೀಕ್ ಪ್ಲಾಸ್ಟಿಕ್ ನಡುವಿನ ವಾದ ಹಳೆಯದು. ಟೈಟಾನಿಯಂ ಮಿಶ್ರಲೋಹದ ಬಿಗಿತ, ಅಂದರೆ ಒತ್ತಿದಾಗ ಬಗ್ಗದಿರುವ ಗುಣ, ಸುಮಾರು 110 ಗಿಗಾಪಾಸ್ಕಲ್, ಪೀಕ್‌ನದು 3ರಿಂದ 4. ಪೀಕ್ ಮೂಳೆಗೆ ಹತ್ತಿರ, ಎಕ್ಸ್-ರೇಯಲ್ಲಿ ಪಾರದರ್ಶಕ. ಟೈಟಾನಿಯಂ ಮೇಲೆ ಮೂಳೆ ಚೆನ್ನಾಗಿ ಅಂಟುತ್ತದೆ. ಗಡ್ಡೆಯ ರೋಗಿಗೆ ಆಮೇಲೆ ವಿಕಿರಣ ಕೊಡಬೇಕಿದ್ದರೆ ಲೋಹದ ನೆರಳು ಚಿತ್ರವನ್ನೂ ವಿಕಿರಣದ ಲೆಕ್ಕವನ್ನೂ ಕೆಡಿಸುತ್ತದೆ, ಅಲ್ಲಿ ಸಿಂಥೆಸ್‌ನ ಎಕ್ಸ್‌ಆರ್‌ಎಲ್‌ನಂಥ ಪೀಕ್ ಮಾದರಿಗೆ ನಮ್ಮ ಮತ. ಸೋಂಕಿನಿಂದ ಮಣಿ ಹಾಳಾದವರಲ್ಲಿ ಟೈಟಾನಿಯಂ ಹಾಕಲು ಹೆದರಬೇಕಿಲ್ಲ. ಸತ್ತ ಮೂಳೆಯನ್ನೆಲ್ಲ ತೆಗೆದು, ಕೀವಿನ ಸೋಂಕಾದರೆ ಕನಿಷ್ಠ 6 ವಾರ ಸರಿಯಾದ ಆ್ಯಂಟಿಬಯೋಟಿಕ್ ಕೊಟ್ಟರೆ ಅದು ನಡೆಯುತ್ತದೆ. ಕ್ಷಯದ ಸೋಂಕಾದರೆ ಔಷಧ ಬಹಳ ತಿಂಗಳು.

ಇನ್ನು ಡಿಸ್ಕ್ ಜಾಗದ ಕೇಜ್‌ಗಳು. ಗ್ಲೋಬಸ್‌ನ ರೈಸ್, ಮೆಡ್‌ಟ್ರಾನಿಕ್‌ನ ಎಲಿವೇಟ್ ಮುಂತಾದವು ಈ ಗುಂಪಿನವು. ಮಡಿಸಿದಾಗ 7–8 ಮಿ.ಮೀ., ಹಿಗ್ಗಿದಾಗ 12–14 ಮಿ.ಮೀ. ಆಸುಪಾಸು; ಒಳಗೆ ಬೆಣೆ ಜಾರಿ ಮೇಲಿನ ತಟ್ಟೆಯನ್ನು ಎತ್ತುತ್ತದೆ. ಇವುಗಳ ಪರವಾದ ಒಳ್ಳೆಯ ವಾದ ಒಂದೇ ಒಂದು. ಹಿಂಬದಿಯ ಕಿರು ಕಿಂಡಿಯಲ್ಲಿ, ಹೊರಹೋಗುವ ನರ ಮತ್ತು ಕೆಳಗಿಳಿಯುವ ನರದ ನಡುವೆ 12 ಮಿ.ಮೀ. ಎತ್ತರದ ವಸ್ತುವನ್ನು ಸುತ್ತಿಗೆಯಲ್ಲಿ ಬಡಿಯುವುದಕ್ಕಿಂತ 8 ಮಿ.ಮೀ. ವಸ್ತುವನ್ನು ಜಾರಿಸುವುದು ನರಕ್ಕೂ ಎಂಡ್‌ಪ್ಲೇಟಿಗೂ ಹಗುರ. ಕುಸಿದು ಅಂಟಿಕೊಂಡ ಡಿಸ್ಕ್ ಜಾಗದಲ್ಲಿ, ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಇದು ನಿಜವಾದ ಲಾಭ.

ಉಳಿದ ಆಶ್ವಾಸನೆಗಳನ್ನು ಜರಡಿ ಹಿಡಿಯಬೇಕು. ಸೊಂಟದ ಒಳಬಾಗಿನಲ್ಲಿ ಮೂರನೇ ಎರಡರಷ್ಟು ನಾಲ್ಕನೇ ಸೊಂಟದ ಮಣಿಯಿಂದ ಕೆಳಗೆ ತ್ರಿಕಾಸ್ಥಿಯವರೆಗಿನ ಭಾಗದಲ್ಲೇ ಇರುತ್ತದೆ, ಆದ್ದರಿಂದ ಅಲ್ಲಿ ಬಾಗನ್ನು ಮರಳಿ ತರುವುದು ಮುಖ್ಯ. 15–20 ಡಿಗ್ರಿ ಕೋನಕ್ಕೆ ಹಿಗ್ಗುವ ಕೇಜ್ ಇದೆ ಎಂದ ಮಾತ್ರಕ್ಕೆ ಬೆನ್ನು ಅಷ್ಟು ಬಾಗುವುದಿಲ್ಲ. ಹಿಂದಿನ ಕೀಲುಗಳನ್ನು ತೆಗೆದು, ಕೇಜನ್ನು ಡಿಸ್ಕ್‌ನ ಮುಂಭಾಗದಲ್ಲಿ ಕೂರಿಸಿ, ಹಿಂದಿನಿಂದ ಸ್ಕ್ರೂಗಳನ್ನು ಒತ್ತಿದರೆ ಮಾತ್ರ ಬಾಗು ಬರುತ್ತದೆ. ಹಿಂದಿನ ಅರ್ಧದಲ್ಲೇ ಕೂತ ಕೇಜನ್ನು ಹಿಗ್ಗಿಸಿದರೆ ಡಿಸ್ಕ್ ಹಿಂಬದಿಯಲ್ಲಿ ತೆರೆದು ಬಾಗು ಇನ್ನೂ ಕಡಿಮೆಯಾಗುತ್ತದೆ. ಇದು ನಾವು ಎಕ್ಸ್-ರೇಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಯಂತ್ರಕ್ಕೆ ಜಾಗ ಬೇಕಾದ್ದರಿಂದ ಮೂಳೆಚೂರಿಗೆ ಉಳಿಯುವ ಜಾಗ ಕಡಿಮೆ, ಇದು ಎರಡನೆಯ ಕೊರತೆ. ಹಿಂದಿನಿಂದ ಹಾಕುವ ಸುಮಾರು 10 ಮಿ.ಮೀ. ಅಗಲದ ಕೇಜ್‌ನಲ್ಲಿ ಇದು ಎದ್ದು ಕಾಣುತ್ತದೆ. ಹಿಗ್ಗಿಸಿದ ಮೇಲೆ ಹಿಡಿಯ ಕೊಳವೆಯ ಮೂಲಕವೇ ಮೂಳೆಚೂರು ತುಂಬಲು ಆಗದ ಕೇಜನ್ನು ನಾವು ಶಿಫಾರಸು ಮಾಡುವುದಿಲ್ಲ. ಹಿಗ್ಗದ ಕೇಜ್‌ಗಳ ಜೊತೆ ಹೋಲಿಸಿ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ನೋವು, ಓಡಾಟ, ಬೆಸುಗೆ ಯಾವುದರಲ್ಲೂ ಸ್ಪಷ್ಟ ಮೇಲುಗೈ ಕಾಣುವುದಿಲ್ಲ, ಹೂಳುವಿಕೆಯೂ ಕಡಿಮೆಯಿಲ್ಲ. ಖರ್ಚಂತೂ ಹೆಚ್ಚು. ಪಕ್ಕೆಯಿಂದ ಹಾಕುವ ದೊಡ್ಡ ಕೇಜ್‌ಗಳಲ್ಲಿ, ಅಂದರೆ 18–22 ಮಿ.ಮೀ. ಅಗಲ ಇದ್ದು ಎರಡೂ ಅಂಚಿನ ಉಂಗುರವನ್ನು ಮುಟ್ಟುವಂಥವುಗಳಲ್ಲಿ, ಹಿಗ್ಗುವಿಕೆಯ ಅಗತ್ಯವೇ ಕಡಿಮೆ. ಗಾತ್ರ ಸರಿಯಾಗಿ ಅಳೆದರೆ ಸಾಮಾನ್ಯ ಕೇಜೇ ಸಾಕು.

ಯಂತ್ರವೇ ಇಲ್ಲದೆ ಹಿಗ್ಗುವ ಎರಡು ಯೋಚನೆಗಳು ಗಮನ ಸೆಳೆಯುತ್ತವೆ. ಸ್ಪೈನ್ ವೇವ್‌ನ ಸ್ಟಾಕ್ಸ್ 1 ಮಿ.ಮೀ. ಪೀಕ್ ಬಿಲ್ಲೆಗಳನ್ನು ಒಂದರ ಕೆಳಗೊಂದು ತೂರಿಸಿ ಎತ್ತರ ಏರಿಸುತ್ತದೆ. ಸ್ಪೈನಾಲಜಿಯ ಆಪ್ಟಿಮೆಷ್ ನೂಲಿನ ಜಾಲರಿ ಚೀಲ. ಸಣ್ಣ ಕೊಳವೆಯಿಂದ ಮೂಳೆಚೂರನ್ನು ಒತ್ತಿ ತುಂಬಿದಂತೆ ಅದು ಡಿಸ್ಕ್ ಜಾಗದ ಆಕಾರವನ್ನೇ ತಾಳಿ ಗಟ್ಟಿಯಾಗುತ್ತದೆ. ಅಮೆರಿಕದ ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2020ರಲ್ಲಿ ಹೊಸ ಬಗೆಯ ಸಾಧನವೆಂದು ದಾರಿ ಬಿಟ್ಟಿತು. ಒಂದೇ ಬಿಂದುವಿನ ಮೇಲೆ ಭಾರ ಬೀಳದಿರುವುದು ಇದರ ಚೆಂದ. ಜಾಗವನ್ನು ಎಲ್ಲ ಕಡೆ ಸಮನಾಗಿ ಖಾಲಿ ಮಾಡದಿದ್ದರೆ ಚೀಲ ಒಂದೇ ಬದಿಗೆ ಉಬ್ಬುತ್ತದೆ ಎಂಬುದು ತೊಡಕು.

ಮುರಿದ ಮಣಿಯನ್ನು ತೆಗೆಯದೆ ಒಳಗಿನಿಂದಲೇ ಎತ್ತುವ ಸಾಧನಗಳದು ಬೇರೆ ಕತೆ. 1998ರಲ್ಲಿ ಎಫ್‌ಡಿಎ ಒಪ್ಪಿದ ಬಲೂನ್ ಕೈಫೋಪ್ಲಾಸ್ಟಿಯಲ್ಲಿ ಬಲೂನ್ ಉಬ್ಬಿಸಿ, ಇಳಿಸಿ, ಹೊರತೆಗೆದು, ಆ ಗುಳಿಗೆ ಸಿಮೆಂಟ್ ತುಂಬುತ್ತಾರೆ. ಬಲೂನ್ ಇಳಿದೊಡನೆ ಗಳಿಸಿದ ಎತ್ತರದಲ್ಲಿ ಒಂದಷ್ಟು ಹೋಗುತ್ತದೆ. ಸ್ಪೈನ್‌ಜ್ಯಾಕ್ ಕಾರು ಎತ್ತುವ ಜ್ಯಾಕಿನಂತೆ ಮೇಲೆ ಕೆಳಗೆ ಮಾತ್ರ ಹಿಗ್ಗಿ ಅಲ್ಲೇ ಉಳಿಯುವ ಟೈಟಾನಿಯಂ ಸಾಧನ, ಆದ್ದರಿಂದ ಎತ್ತರ ಉಳಿಸುವುದರಲ್ಲಿ ಅದು ಮುಂದು. ಎಡಬಲ ಎರಡು ಬೇಕು, 4.2, 5.0, 5.8 ಮಿ.ಮೀ. ಮೂರು ಗಾತ್ರಗಳಿವೆ. ಪೆಡಿಕಲ್ ಅದಕ್ಕಿಂತ ಅಗಲವಿದೆಯೇ ಎಂದು ಸಿ.ಟಿ.ಯಲ್ಲಿ ಮೊದಲೇ ಅಳೆಯಬೇಕು, ಎರಡನ್ನೂ ಒಂದೇ ಮಟ್ಟದಲ್ಲಿ ಇಟ್ಟು ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ತೆರೆಯಬೇಕು. ಮುರಿತ ಹೊಸದಿದ್ದಾಗಲೇ ಇದರ ಪ್ರಯೋಜನ. ವಾರಗಟ್ಟಲೆ ಕಳೆದು ಮೂಳೆ ಕೂಡಿಕೊಂಡ ಮೇಲೆ ಜ್ಯಾಕ್ ತೆರೆದರೆ ಎತ್ತರ ಬರುವ ಬದಲು ಎಂಡ್‌ಪ್ಲೇಟ್ ಸೀಳುತ್ತದೆ.

ಯಾವ ಸಾಧನವೇ ಆಗಲಿ, ಮೂಳೆಯ ಬಲ ನೋಡದೆ ಹಾಕಬಾರದು. ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆಸವಕಳಿ. ಹೇಗೂ ತೆಗೆಸಿರುವ ಸಿ.ಟಿ.ಯಲ್ಲಿ ಮೊದಲ ಸೊಂಟದ ಮಣಿಯ ನಡುವಿನ ಹೌನ್ಸ್‌ಫೀಲ್ಡ್ ಸಂಖ್ಯೆಯನ್ನು (ಸಿ.ಟಿ. ಚಿತ್ರದಲ್ಲಿ ಸಾಂದ್ರತೆಯ ಅಳತೆ) ಅರ್ಧ ನಿಮಿಷದಲ್ಲಿ ಅಳೆಯಬಹುದು: 160ರ ಮೇಲಿದ್ದರೆ ಬಹುತೇಕ ನಿಶ್ಚಿಂತೆ, 110ರ ಕೆಳಗಿದ್ದರೆ ಮೂಳೆಸವಕಳಿ ಇದೆ ಎಂದೇ ಹಿಡಿಯಬೇಕು. ಅಂಥವರಲ್ಲಿ ಶಸ್ತ್ರಚಿಕಿತ್ಸೆ ಮುಂದೂಡಲು ಆಗುವಂತಿದ್ದರೆ ಮೊದಲು ಮೂಳೆ ಕಟ್ಟುವ ಔಷಧ. ಆಗದಿದ್ದರೆ ದೊಡ್ಡ ತುದಿ, ಕಡಿಮೆ ಹಿಗ್ಗುವಿಕೆ, ಉದ್ದ ಸ್ಕ್ರೂ ಸಾಲು, ಸ್ಕ್ರೂಗಳಿಗೆ ಸಿಮೆಂಟ್.

ಕೊನೆಯದಾಗಿ ಬೀಗ ಮತ್ತು ದಾಖಲೆ. ಬೀಗದ ಸ್ಕ್ರೂವನ್ನು ತಯಾರಕರು ಕೊಟ್ಟ ಟಾರ್ಕ್ ಹಿಡಿಯಲ್ಲೇ ‘ಟಕ್’ ಎನ್ನುವವರೆಗೆ ಬಿಗಿಯಬೇಕು. ಕೈ ಅಂದಾಜಿನಲ್ಲಿ ಬಿಟ್ಟ ಬೀಗ ತಿಂಗಳುಗಳಲ್ಲಿ ಸಡಿಲಾಗಿ ಕೇಜ್ ಮೆಲ್ಲನೆ ಗಿಡ್ಡವಾಗುತ್ತದೆ. ಎಕ್ಸ್-ರೇಯಲ್ಲಿ ಕೇಜ್‌ನ ಉದ್ದವೇ ಕಡಿಮೆಯಾಗಿದ್ದರೆ ಬೀಗ ಸೋತಿದೆ, ಉದ್ದ ಅಷ್ಟೇ ಇದ್ದು ಮಣಿಗಳ ಅಂತರ ಕಡಿಮೆಯಾಗಿದ್ದರೆ ಹೂತಿದೆ. ಎರಡಕ್ಕೂ ಚಿಕಿತ್ಸೆ ಬೇರೆ, ಮೊದಲ ದಿನದ ನಿಂತ ಎಕ್ಸ್-ರೇ ಇಲ್ಲದೆ ಯಾವುದೆಂದು ಹೇಳಲಾಗದು. ಮರುಶಸ್ತ್ರಚಿಕಿತ್ಸೆ ಬಂದರೆ ಕೇಜನ್ನು ಇಳಿಸಿಯೇ ತೆಗೆಯಬೇಕು, ಆ ಮಾದರಿಯ ಡ್ರೈವರ್ ಬೇರೆ ಯಾವುದಕ್ಕೂ ಹೊಂದುವುದಿಲ್ಲ. ಮಾದರಿಯ ಹೆಸರು, ಲಾಟ್ ಸಂಖ್ಯೆ, ಬೀಗ ಹಾಕಿದಾಗಿನ ಎತ್ತರ, ತುದಿಗಳ ಗಾತ್ರ ಮತ್ತು ಕೋನ, ಇಳಿಸುವ ಸಾಧನದ ಹೆಸರು: ಈ ಐದನ್ನೂ ಬಿಡುಗಡೆ ಪತ್ರದಲ್ಲೇ ಬರೆಸಿಕೊಂಡು, ಇಂಪ್ಲಾಂಟ್ ಕಾರ್ಡಿನ ಜೊತೆ ರೋಗಿಯ ಮನೆಯಲ್ಲೇ ಇಟ್ಟುಕೊಳ್ಳಬೇಕು.